ಮೂವತ್ತೆಂಟು ಸೈಕಲ್ಲು, ಮತ್ತೆ ನಿಮ್ಮವೆರಡು

ಸಂಘದ ಸೈಕಲ್ ಅಂಗಡಿಯ ಹಿಂದಿನ ಕೋಣೆ,
ಮಂಗಳವಾರ, ಬೆಳಿಗ್ಗೆ ಆರು ಗಂಟೆ

ಪ್ರೀತಿಯ ಅಮ್ಮಾ,

ನಿಮ್ಮಿಬ್ಬರ ಸೈಕಲ್ಲಿಗೆ ಹಾಕಿರುವ ಬ್ರೇಕ್ ತಂತಿ ಮೋಸದ ಮಾಲು. ಹಾಕಿದವಳು ನಾನೇ. ಈ ಕಾಗದ ನಿನ್ನ ಕೈಗೆ ಬಂದ ಮೇಲೆ ಇಬ್ಬರೂ ಸೈಕಲ್ ಹತ್ತಬೇಡಿ, ತಳ್ಳಿಕೊಂಡು ನಡೆಯಿರಿ. ಕ್ಷೇಮ ಕೇಳದೆ ಕಾಗದ ಶುರು ಮಾಡುವವರನ್ನು ಕಂಡರೆ ನಿನಗಾಗದು, ಗೊತ್ತು. ಈಗ ಕೇಳುತ್ತೇನೆ. ನಿನ್ನ ಎಡಮಂಡಿ ಹೇಗಿದೆ? ಬೆಳಗಿನ ಚಳಿಗೆ ಬೆರಳುಗಳು ಮಡಚಲು ಬರುತ್ತವೆಯೆ? ಅಪ್ಪ ನಿನಗೆ ಮುಲಾಮು ಹಚ್ಚುತ್ತಿದ್ದಾರೋ, ಇಲ್ಲ ಅದನ್ನೂ ಸೈಕಲ್ ಚೈನಿಗೆ ಹಚ್ಚಿ ಮುಗಿಸಿದರೋ? ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ.

ಮೊನ್ನೆ ಭಾನುವಾರ ನಮ್ಮ ಬೀದಿಯ ಹಾಲಿನಾಕೆ ರೈಲ್ವೆ ಗೇಟಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿದಳು. ತಂತಿ ಹಿಡಿಯ ಬುಡದಲ್ಲೇ ಕಿತ್ತುಬಂತು. ಗೋಡೆಗೆ ಗುದ್ದಿ ಮಣಿಕಟ್ಟು ಮುರಿದುಕೊಂಡಿದ್ದಾಳೆ. ಅವಳ ಸೈಕಲ್ಲಿಗೂ ನಾನೇ ತಂತಿ ಹಾಕಿದ್ದು, ನಿಮ್ಮದಕ್ಕೆ ಹಾಕಿದ ಡಬ್ಬಿಯಿಂದಲೇ. ಡಬ್ಬಿಯಲ್ಲಿ ಉಳಿದಿದ್ದ ತಂತಿಗಳ ಹೊದಿಕೆ ಸೀಳಿ ನೋಡಿದೆ. ಹೊದಿಕೆ ಹೊಚ್ಚ ಹೊಸದು. ಒಳಗಿನ ಎಳೆಗಳು ಗುಜರಿಯವು, ತುಕ್ಕು ಒರೆಸಿ ಎಣ್ಣೆ ಬಳಿದಿದ್ದಾರೆ. ಇದನ್ನು ಮಾಡಿದವರು ಯಾವ ಧಣಿಯೂ ಅಲ್ಲಮ್ಮಾ, ನಮ್ಮ ಕಾರ್ಮಿಕರ ಸಂಘದ ತಂತಿ ವಿಭಾಗದವರು, ನಮ್ಮವರೇ.

ಅಪ್ಪ ಹಳೇ ತಂತಿಯೇ ಇರಲಿ ಎಂದಿದ್ದರು. ‘ಹತ್ತು ವರ್ಷ ನಿಲ್ಸಿದೆ, ಇನ್ನೂ ನಿಲ್ಸುತ್ತೆ ಬಿಡೇ ಕರಪತ್ರ.’ ಅವರು ನನಗಿಟ್ಟ ಆ ಅಡ್ಡಹೆಸರಿಗೆ ತಕ್ಕಂತೆ ನಾನು ಬಿಡಲಿಲ್ಲ. ದುಡಿಯುವವರು ಮಾಡಿದ್ದನ್ನು ದುಡಿದವರೇ ಬಳಸದಿದ್ದರೆ ಇನ್ಯಾರು ಬಳಸುತ್ತಾರೆ ಎಂದು ನನ್ನದೇ ಕರಪತ್ರದ ಸಾಲನ್ನು ಅಡುಗೆಮನೆಯಲ್ಲಿ ನಿಂತು ಓದಿದೆ. ನೀನು ಹೊಲಿಗೆ ಮಿಷನ್ ನಿಲ್ಲಿಸದೆಯೇ ಹೇಳಿದೆ: ‘ಹದಿನಾರು ಪುಟ ಓದಿ ಲೋಕ ತಿದ್ದೋಳೆ, ಮೊದ್ಲು ಅದನ್ನ ಎಳೆದು ನೋಡು.’ ನಲವತ್ತು ವರ್ಷದಲ್ಲಿ ಎಳೆದು ನೋಡದ ಒಂದು ದಾರವನ್ನೂ ನೀನು ಸೂಜಿಗೆ ಪೋಣಿಸಿದವಳಲ್ಲ. ನಾನು ನಕ್ಕುಬಿಟ್ಟೆ.

ನಿನ್ನೆ ಬೆಳಿಗ್ಗೆ ತಂತಿಯನ್ನು ಕಾರ್ಯದರ್ಶಿಯ ಮೇಜಿನ ಮೇಲಿಟ್ಟೆ. ಅವರಿಗೆ ಮೊದಲೇ ಗೊತ್ತಿತ್ತು. ಸದ್ದಿಲ್ಲದೆ ಒಂದೊಂದೇ ಬದಲಾಯಿಸೋಣ ಎಂದರು. ‘ಊರಿಗೆಲ್ಲ ಡಂಗುರ ಹೊಡೆದ್ರೆ ನಾಳೆ ಸಂಘದ ಬಾಗಿಲು ಹಾಕ್ತಾರೆ. ಅರವತ್ತು ಜನ ಬೀದಿಗೆ ಬೀಳ್ತಾರೆ. ಯೋಚನೆ ಮಾಡಮ್ಮ.’ ನಾನು ಯೋಚನೆ ಮಾಡಿದೆ. ನಿನ್ನೆ ಸಂಜೆಯವರೆಗೂ ಅದನ್ನೇ ಮಾಡಿದೆ. ತೀರಾ ಸಣ್ಣ ಅನ್ಯಾಯಕ್ಕೂ ಬೀದಿಯಲ್ಲಿ ಗಂಟಲು ಹರಿದುಕೊಳ್ಳುವ ನಿನ್ನ ಮಗಳು ಒಂದು ಹಗಲಿಡೀ ಬಾಯಿಗೆ ಬೀಗ ಹಾಕಿಕೊಂಡು ಪಂಕ್ಚರ್ ಹಾಕುತ್ತ ಕೂತಿದ್ದಳು. ಸಂಜೆ ಮನೆಗೆ ಬಂದು ಗೋಡೆಯ ನಕ್ಷೆ ನೋಡಿದೆ. ನಿಮ್ಮ ದಾರಿಗೆ ನೀನು ಗುಂಡುಸೂಜಿ ಚುಚ್ಚಿ ಕಟ್ಟಿದ ಕೆಂಪು ದಾರ ಇದೆಯಲ್ಲ, ಅದು ಘಟ್ಟದ ನೆತ್ತಿ ದಾಟಿದ ಮೇಲೆ ಹಾವಿನಂತೆ ಸುತ್ತಿಕೊಂಡು ಇಳಿಯುತ್ತದೆ. ಇಪ್ಪತ್ತೆರಡು ಕಿಲೋಮೀಟರ್ ಬರೀ ಇಳಿಜಾರು. ನಾನು ಫೋನ್ ಎತ್ತಿಕೊಂಡೆ.

ಮೂವತ್ತೆರಡು ವರ್ಷ ಲಿಫ್ಟಿನ ಪೆಟ್ಟಿಗೆಯಲ್ಲಿ ನಿಂತು ಮಂದಿಯನ್ನು ಮೇಲೆ ಕೆಳಗೆ ಮಾಡಿದ ಅಪ್ಪ, ಇನ್ನು ನನ್ನ ಕಾಲಲ್ಲೇ ಹತ್ತುತ್ತೇನೆ, ನನ್ನ ಕಾಲಲ್ಲೇ ಇಳಿಯುತ್ತೇನೆ ಎಂದು ನಿವೃತ್ತಿಯಾದ ಮೇಲೆ ನಿನ್ನನ್ನೂ ಕಟ್ಟಿಕೊಂಡು ಸೈಕಲ್ ಯಾತ್ರೆ ಹೊರಟವರು. ಇಳಿಜಾರು ಬಂದರೆ ಅವರು ಬ್ರೇಕ್ ಮುಟ್ಟದೆ ಸಿಳ್ಳೆ ಹಾಕಿಕೊಂಡು ಹೋಗುವವರು. ನೀನು ಹಾಗಲ್ಲ. ನಮ್ಮ ಬೀದಿಯ ತಿರುವಿನಿಂದಲೇ ಬ್ರೇಕ್ ಹಿಡಿದು, ಕೆಳಗೆ ಮುಟ್ಟುವವರೆಗೂ ಬಿಡದವಳು. ಅಂದರೆ ನಿನ್ನ ತಂತಿಯೇ ಮೊದಲು ಹರಿಯುತ್ತದೆ. ಜಾಗ್ರತೆ ಇರುವವರನ್ನೇ ಮೊದಲು ಕೊಲ್ಲುವ ಮೋಸ ಇದು.

ಫೋನ್ ಒಯ್ಯುವುದೆಂದರೆ ಮನೆಯನ್ನೇ ಹೊತ್ತುಕೊಂಡು ಹೋದ ಹಾಗೆ ಎಂದು ಅಪ್ಪ ಅದನ್ನು ಕಪಾಟಿನಲ್ಲಿಟ್ಟು ಹೋದರು. ಆ ಘಟ್ಟ ಹತ್ತುವ ಮೊದಲು ಸಿಗುವ ಅಂಚೆ ಕಚೇರಿಗೆ ನಿನ್ನೆ ಸಂಜೆಯಿಂದ ಹನ್ನೊಂದು ಸಲ ಫೋನ್ ಮಾಡಿದೆ. ಲೈನ್ ಸಿಗಲಿಲ್ಲ, ಗಾಳಿಗೆ ಕಂಬ ಬಿದ್ದಿದೆಯಂತೆ. ಅದಕ್ಕೇ ಇದನ್ನು ಇವತ್ತಿನ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅವರು ಅಂಚೆ ಕಚೇರಿಯಲ್ಲಿ ಕೊಡುತ್ತಾರೆ, ನಿನ್ನ ಪಟ್ಟಿಯ ಪ್ರಕಾರ ನೀವು ನಾಳೆ ಸಂಜೆ ಅಲ್ಲಿಗೆ ಕಾಗದ ಕೇಳಲು ಬರುತ್ತೀರಿ. ಅದಕ್ಕೆ ಮೊದಲು ದಾರಿಯಲ್ಲಿ ಎರಡು ಸಣ್ಣ ಇಳಿಜಾರುಗಳಿವೆ. ಅವುಗಳ ಬಗ್ಗೆ ನಾನು ಏನೂ ಮಾಡಲಾರೆ. ನೀನು ಇದನ್ನು ಓದುತ್ತಿದ್ದರೆ ಅವನ್ನು ಇಳಿದಾಗಿದೆ ಎಂದರ್ಥ. ಓದುತ್ತಿರು ಅಮ್ಮಾ.

ನಾನೇ ಈ ಬಸ್ ಹತ್ತಬಹುದಿತ್ತು. ಚೀಲ ಕಟ್ಟಿಯೂ ಆಗಿತ್ತು. ಆದರೆ ಆ ಡಬ್ಬಿಯ ತಂತಿ ಹಾಕಿದ ಇನ್ನೂ ಮೂವತ್ತೆಂಟು ಸೈಕಲ್ಲುಗಳು ಈ ಊರಿನಲ್ಲಿ ಓಡಾಡುತ್ತಿವೆ. ಸೂಲಗಿತ್ತಿಯದು, ಪೇಪರ್ ಹಾಕುವ ಮುದುಕನದು, ಮಗಳನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಡುವ ಕಾಂಪೌಂಡರನದು. ಯಾರ ಮನೆ ಎಲ್ಲಿದೆ ಎಂದು ಗೊತ್ತಿರುವುದು ನನಗೊಬ್ಬಳಿಗೆ. ನಿಮ್ಮನ್ನು ಒಂದು ಕಾಗದ ನಿಲ್ಲಿಸಬಹುದು, ಅವರನ್ನು ನಾನೇ ಹೋಗಿ ನಿಲ್ಲಿಸಬೇಕು. ಇವತ್ತು, ನಾಳೆ ಮನೆಮನೆಗೆ ಹೋಗಿ ಕಿತ್ತುಹಾಕುತ್ತೇನೆ, ಯಾಕೆಂದು ಬಾಯಿಬಿಟ್ಟು ಹೇಳುತ್ತೇನೆ. ಸಂಘ ಮುಳುಗಿದರೆ ಮುಳುಗಲಿ. ಹೀಗೆ ಬರೆಯುವಾಗ ಆ ಅರವತ್ತು ಜನರ ಮುಖ ಒಂದೊಂದಾಗಿ ಕಣ್ಣಿಗೆ ಬರುತ್ತಿದೆ. ಹೆತ್ತವರನ್ನು ಕಾಗದದ ಮೇಲೆ ಬಿಟ್ಟು ಊರವರ ಹಿಂದೆ ಹೋದಳು ಎಂದು ನೀನು ಬೈದರೆ ಬೈಸಿಕೊಳ್ಳುತ್ತೇನೆ. ಬೈಯಲು ನೀನಿರಬೇಕು, ಅಷ್ಟೆ.

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು. ಅವರು ಖಂಡಿತ ‘ಒಂದು ಹಗ್ಗ ಕಟ್ಕೊಂಡು ಇಳಿದ್ರಾಯ್ತು’ ಅಂತಾರೆ. ಕೇಳಬೇಡ. ಬೇಕಿದ್ದರೆ ಅವರ ಚಕ್ರದ ಗಾಳಿ ಬಿಟ್ಟು, ಪಂಪನ್ನು ನಿನ್ನ ದಿಂಬಿನ ಕೆಳಗೆ ಇಟ್ಟುಕೋ.

ನಿನ್ನ,
ಕರಪತ್ರ

ಮರೆಯುವ ಮೊದಲು, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾರೆ: ಮೇಲೆ ಬರೆದದ್ದರಲ್ಲಿ ಒಂದು ಮಾತು ನುಂಗಿಕೊಂಡಿದ್ದೇನೆ. ನೀವು ಹೊರಡುವ ಹಿಂದಿನ ಸಂಜೆ ನಿನ್ನ ಸೈಕಲ್ಲಿಗೆ ಹಾಕುವಾಗ ಮೊದಲನೆಯ ತಂತಿ ನನ್ನ ಕೈಯಲ್ಲೇ ಹರಿದಿತ್ತು. ನಾನೇ ಜಾಸ್ತಿ ಬಿಗಿದೆ ಎಂದುಕೊಂಡು, ಅದನ್ನು ಜೇಬಿಗೆ ಹಾಕಿ, ಅದೇ ಡಬ್ಬಿಯಿಂದ ಇನ್ನೊಂದು ತೆಗೆದೆ. ನಮ್ಮವರು ಮಾಡಿದ್ದು ಹಾಗೆ ಹರಿಯಲಾರದು ಎಂದು ನಂಬಿಬಿಟ್ಟೆ. ಆ ತುಂಡು ಈ ಲಕೋಟೆಯಲ್ಲಿದೆ. ಅಪ್ಪನಿಗೆ ತೋರಿಸಬೇಡ, ನಾನೇ ಬಾಯಾರೆ ಹೇಳುತ್ತೇನೆ. ನಿಮ್ಮಿಬ್ಬರ ಹಳೇ ತಂತಿಗಳನ್ನು ಎಸೆದಿರಲಿಲ್ಲ, ಒಂದೊಂದನ್ನೂ ಎಳೆದು ನೋಡಿದ್ದೇನೆ, ತರುತ್ತೇನೆ. ಗುರುವಾರದ ಬಸ್ಸಿಗೆ ಹೊರಡುತ್ತೇನೆ. ಅಂಚೆ ಕಚೇರಿಯ ಎದುರಿನ ಬಸ್ ನಿಲ್ದಾಣದಲ್ಲಿ, ಇಬ್ಬರೂ, ನಡೆದುಕೊಂಡು ಬಂದು ನಿಂತಿರಿ. ಶುಕ್ರವಾರ, ಬೆಳಿಗ್ಗೆ ಆರೂವರೆಗೆ.