ಹುಲಿಯಾದ ಮೊಸರು

ಮಾತು ಕಲಿಸುವ ಮೇಡಂ ಅವರಿಗೆ ನಮಸ್ಕಾರ.

ಲಕ್ವ ಹೊಡೆದ ಮೇಲೆ ನಿಂತುಹೋಗಿದ್ದ ಅಪ್ಪನ ಮಾತನ್ನು ನೀವು ಒಂದೊಂದಾಗಿ ವಾಪಸ್ ತರುತ್ತಿದ್ದೀರಿ. ನಿಮ್ಮ ಉಪಕಾರ ದೊಡ್ಡದು. ಆದರೂ ಒಂದು ವಿಷಯಕ್ಕೆ ನಿಮ್ಮ ಜೊತೆ ನನ್ನದೊಂದು ಜಗಳ ಇದೆ.

ನಿಂಬೆಹಣ್ಣಿನ ಚಿತ್ರ ತೋರಿಸಿ ರುಚಿ ಹೇಗೆ ಅಂತ ಕೇಳಿದರೆ ಅಪ್ಪ 'ಹುಳಿ' ಅನ್ನದೆ 'ಹುಲಿ' ಅನ್ನುತ್ತಾರೆ. ಮೊನ್ನೆ ನೀವು ತಿದ್ದಿ ತಿದ್ದಿ ಸುಸ್ತಾದಿರಿ, ಅವರು ಬಾಯಿ ಮುಚ್ಚಿಕೊಂಡು ಕೂತರು. ನಾಲಿಗೆ ಹೊರಳುತ್ತಿಲ್ಲ ಅಂದಿರಿ. 'ಬಾಳೆ', 'ಬೆಳ್ಳಿ' ಅನ್ನುವಾಗ ಅದೇ ನಾಲಿಗೆ ಚೆನ್ನಾಗಿ ಹೊರಳುತ್ತದಲ್ಲ ಮೇಡಂ?

ನಮ್ಮಮ್ಮ ಬೇರೆ ಭಾಷೆಯವಳು. ಅವಳ ಭಾಷೆಯಲ್ಲಿ ಳಕಾರವೇ ಇಲ್ಲ. 'ಮೊಸರು ಹುಲಿ ಆಗಿದೆ' ಅನ್ನುತ್ತಿದ್ದಳು. ನಾವು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಪ್ಪ ಮಾತ್ರ ಒಂದು ಚಮಚ ಬಾಯಿಗೆ ಹಾಕಿಕೊಂಡು, 'ಹೌದು ಕಣೇ, ಹುಲಿನೇ' ಅನ್ನುತ್ತಿದ್ದರು. ಹೋದ ವರ್ಷ ಅವಳು ತೀರಿಕೊಳ್ಳುವವರೆಗೂ ಅವರಿಬ್ಬರ ಮಧ್ಯೆ ಆ ಮಾತು ಹಾಗೇ ಇತ್ತು.

ದಯವಿಟ್ಟು ಅದೊಂದನ್ನು ತಿದ್ದಬೇಡಿ. ಬೇಕಿದ್ದರೆ ನಿಂಬೆಹಣ್ಣಿನ ಚಿತ್ರವನ್ನೇ ತೆಗೆದಿಡಿ.

ನಿನ್ನೆ ಊಟಕ್ಕೆ ಕೂತಾಗ ನಾನೇ, 'ಅಪ್ಪಾ, ಮೊಸರು ಹುಲಿ ಆಗಿದೆ' ಅಂದೆ. ಅವರು ನನ್ನನ್ನು ನೋಡಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ತಿರುಗಿ, 'ಹೌದು ಕಣೇ' ಅಂದರು.

ಸೋಮವಾರ ಎಂದಿನಂತೆ ಕರೆದುಕೊಂಡು ಬರುತ್ತೇನೆ.

ನಿಮ್ಮ ಪೇಷಂಟಿನ ಹಿರಿಮಗಳು