ಮೆಟ್ಟಿಲಿನಿಂದ ಕಾಲು ಜಾರಿ

3 ಜೂನ್ 2025, ಮಂಗಳವಾರ. ಬೆಳಗ್ಗೆ 7.20

ಇವತ್ತೂ ಎಣಿಸಿದೆ. ಆರರಿಂದ ಏಳರೊಳಗೆ ನಲವತ್ತೊಂದು ಗಾಡಿ. ಅದರಲ್ಲಿ ಇಪ್ಪತ್ತಾರು ಪಿಕಪ್, ಟೊಮ್ಯಾಟೊ ಬೀನ್ಸ್ ತುಂಬಿದ್ದು. ಹೈವೇನಲ್ಲಿ ಕೇರಳದ ಲಾರಿಗಳು ಸಾಲುಗಟ್ಟಿದರೆ ಮಾರ್ಕೆಟ್‌ಗೆ ಹೋಗೋರಿಗೆಲ್ಲ ನಮ್ಮ ಬೀದಿಯೇ ಅಡ್ಡದಾರಿ. ಮೂರು ಮೆಟ್ಟಿಲು ಇಳಿದರೆ ರಸ್ತೆ. ಎದುರು ಮನೆಯವರ ಒಗ್ಗರಣೆಗೆ ನಮಗೆ ಕೆಮ್ಮು ಬರುವಷ್ಟು ಅಗಲ.

ಗಾಡಿ ಹೋದಾಗೆಲ್ಲ ಗೋಡೆಗೆ ನೇತುಹಾಕಿರುವ ಬಿಲ್ಲು ಮಿಡಿಯುತ್ತೆ. ನಮ್ಮ ಅಬ್ಬಾ ಹತ್ತಿ ಹಿಂಜ್ತಿದ್ದ ಬಿಲ್ಲು. ನಲವತ್ತು ವರ್ಷ ಗುಂಡ್ಲುಪೇಟೆಗೆಲ್ಲ ಹಾಸಿಗೆ ದಿಂಬು ಹೊಲಿದುಕೊಟ್ಟ ಮನುಷ್ಯ. ತೀರಿಹೋಗಿ ಎರಡು ವರ್ಷದ ಮೇಲಾಯ್ತು. ಗೋಡೆ ಅದುರಿದರೆ ತಂತಿ ಮಿಡಿಯೋದು ಸಹಜ, ಗೊತ್ತು. ಗಾಡಿ ಇಲ್ಲದ ಹೊತ್ತಲ್ಲೂ ಕೇಳುತ್ತಲ್ಲ... ಅದಕ್ಕೇನು ಹೇಳಲಿ.

ತಾಲ್ಲೂಕು ಆಫೀಸ್ ಪಕ್ಕ ಕಂಪ್ಯೂಟರ್ ಇಟ್ಕೊಂಡು ಊರಿಗೆಲ್ಲ ಅರ್ಜಿ ಬರೆದುಕೊಡೋಳು ನಾನು. ಸ್ವಂತ ಬೀದಿಗೆ ಎರಡು ಹಂಪ್ಸ್ ಹಾಕಿಸೋಕೆ ಆಗಿಲ್ಲ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಇದು ನಾಲ್ಕನೇ ಅರ್ಜಿ. ಐವತ್ತೆಂಟು ಸಹಿ. ಮೊದಲನೇದು ಎದುರು ಮನೆ ಪುಟ್ಟಸಿದ್ದಮ್ಮನ ಹೆಬ್ಬೆಟ್ಟು.

12 ಜೂನ್, ಗುರುವಾರ

ಚಾಮರಾಜನಗರಕ್ಕೆ ಹೋಗಿ ಬಂದೆ. ಫೈಲ್ ಅಲ್ಲಿದೆಯಂತೆ. ಇಂಜಿನಿಯರ್ ಒಳ್ಳೆಯವರು, ಕುರ್ಚಿ ಕೊಟ್ಟರು. ಕೆಟ್ಟವರಾಗಿದ್ದರೆ ಜಗಳ ಆಡಿ ಬರಬಹುದಿತ್ತು. ಹಂಪ್ಸ್ ಕೇಳಿದವರಿಗೆಲ್ಲ ಹಾಕೋಕಾಗಲ್ಲ, ರಸ್ತೆ ಸುರಕ್ಷತೆ ಮೀಟಿಂಗ್‌ನಲ್ಲಿ ಪೊಲೀಸ್ ರೆಕಾರ್ಡ್ ನೋಡ್ತಾರೆ ಅಂತ ಬಿಡಿಸಿ ಹೇಳಿದರು. ಒಂದು ಸಾವು ಆಗಿರೋ ಜಾಗ ಆದರೆ ಮೊದಲ ಲಿಸ್ಟಿಗೇ ಬರುತ್ತಂತೆ. ಕನ್ನಡಕ ಏರಿಸಿ ಫೈಲ್ ತಿರುವಿದರು.

"ನಿಮ್ಮ ಬೀದೀಲಿ ಯಾರೂ ಸತ್ತಿಲ್ವಲ್ಲ ಮೇಡಂ."

ಹೌದು ಸರ್ ಅಂದೆ. ನನ್ನ ಬಾಯಿಂದಲೇ ಬಂತು.

ವಾಪಸ್ ಬರುವಾಗ ತೆರಕಣಾಂಬಿ ತನಕ ಕಿಟಕಿಗೆ ತಲೆ ಒರಗಿಸಿ ಕೂತಿದ್ದೆ. ಪಕ್ಕದ ಹೆಂಗಸು ತಲೆ ಸುತ್ತುತ್ತಾ ಅಂತ ಕೇಳಿ ನಿಂಬೆಹಣ್ಣು ಕೊಟ್ಟಳು. ಅಳ್ತಿದೀನಿ ಅಂತ ಹೇಳೋಕೆ ನಾಚಿಕೆಯಾಯ್ತು.

13 ಜೂನ್, ಶುಕ್ರವಾರ

ಇಲ್ಲಾದರೂ ಬರೀತೀನಿ. ಇದನ್ನ ಓದೋರಿಲ್ಲ.

2023 ಫೆಬ್ರವರಿ 17. ಅವತ್ತೂ ಶುಕ್ರವಾರ. ಪುಟ್ಟಸಿದ್ದಮ್ಮನ ದಿಂಬಿಗೆ ಹೊಸ ಹತ್ತಿ ತುಂಬಿ, ಕೊಟ್ಟು ಬರ್ತೀನಿ ಅಂತ ಅಬ್ಬಾ ಇಳಿದರು. ಪಿಕಪ್. ಬ್ರೇಕ್ ಶಬ್ದವೇ ಬರಲಿಲ್ಲ. ನಿಲ್ಲಿಸಲೂ ಇಲ್ಲ, ನಂಬರ್ ನೋಡಿದವರೂ ಇಲ್ಲ. ನೋಡಿದ್ದು ಬಾಗಿಲಲ್ಲಿ ಕೂತಿದ್ದ ಪುಟ್ಟಸಿದ್ದಮ್ಮ ಒಬ್ಬರೇ. ಎತ್ತಿ ನಮ್ಮ ಮೆಟ್ಟಿಲ ಮೇಲೆ ಮಲಗಿಸುವಷ್ಟರಲ್ಲಿ ಮುಗಿದಿತ್ತು.

ಕಂಪ್ಲೇಂಟ್ ಕೊಟ್ಟರೆ ಪೋಸ್ಟ್‌ಮಾರ್ಟಂ. ತಮ್ಮ ಅಮ್ಜದ್ ಬೇಡ ಅಂತ ಕಾಲು ಹಿಡಿದ. ಬೀದಿಯ ಹಿರಿಯರೂ ಅದನ್ನೇ ಹೇಳಿದರು. ನಮ್ಮವರು ಅಂತಲ್ಲ, ಈ ಬೀದಿಯಲ್ಲಿ ಯಾವ ಜಾತಿಯವರೂ ಸತ್ತವರ ಮೈಗೆ ಕತ್ತಿ ಮುಟ್ಟಿಸೋಕೆ ಒಪ್ಪಲ್ಲ. ಬಾವಿಗೆ ಬಿದ್ದವರೂ ಇಲ್ಲಿ ಜ್ವರದಿಂದಲೇ ಸಾಯೋದು. ಪುರಸಭೆಗೆ ಕೊಡೋ ಹೇಳಿಕೆಯನ್ನ ಅಂಗಡಿಗೆ ಓಡಿ ನಾನೇ ಟೈಪ್ ಮಾಡಿದೆ. "ಮನೆಯ ಮೆಟ್ಟಿಲಿನಿಂದ ಕಾಲು ಜಾರಿ ಬಿದ್ದು ಮೃತಪಟ್ಟಿರುತ್ತಾರೆ." ತಪ್ಪಿಲ್ಲದ ಹಾಗೆ ಎರಡು ಸಲ ಓದಿದೆ. ಪುಟ್ಟಸಿದ್ದಮ್ಮ ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದರು. ಜುಮ್ಮಾ ನಮಾಜ್ ಮುಗಿಸಿ ಮಣ್ಣು ಮಾಡಿದರು.

ಅಬ್ಬಾಗೆ ಒಳ್ಳೇದು ಮಾಡಿದೆ ಅಂತಲೇ ಅಂದುಕೊಂಡಿದ್ದೆ.

15 ಜೂನ್, ಭಾನುವಾರ. ಬೆಳಗ್ಗೆ

ಇಂಜಿನಿಯರ್ ಏನಂದರು ಅಂತ ಕೇಳೋಕೆ ಪುಟ್ಟಸಿದ್ದಮ್ಮ ಬಂದರು. ಹೇಳಿದೆ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. ಅವರ ಬಾಯಲ್ಲಿ ಫರಹತ್ ಅನ್ನೋ ನಾನು ಪರತಮ್ಮ.

"ಪರತಮ್ಮ, ನಾನು ಸುಳ್ಳಿಗೆ ಎಬ್ಬೆಟ್ಟು ಒತ್ಬುಟ್ಟೆ ಕಣವ್ವ. ನಿಮ್ಮಪ್ಪಾರು ಕನಸ್ನಲ್ಲಿ ಬಂದು ಮೆಟ್ಲ ಮ್ಯಾಲೆ ಕೂತ್ಕತ್ತಾರೆ. ಎದ್ದು ಒಳೀಕೂ ಓಗಲ್ಲ, ಈಚೀಕೂ ಬರಲ್ಲ. ನಿಜ ಬರ್ದ್ಬುಡು. ನಾ ಬಂದು ಯೋಳ್ತೀನಿ."

ಬರೀತೀನಿ ಅಂದೆ. ಯಾವಾಗ ಅಂದರು. ಈ ವಾರ ಅಂದೆ.

17 ಜೂನ್, ಮಂಗಳವಾರ

ಅಂಗಡಿ ಪಕ್ಕದ ವಕೀಲರನ್ನ ಯಾರದೋ ವಿಷಯ ಅನ್ನೋ ಹಾಗೆ ಕೇಳಿದೆ. ಸುಳ್ಳು ಹೇಳಿಕೆ ಕೊಟ್ಟವರ ಮೇಲೆ ಕೇಸ್ ಆಗಬಹುದಂತೆ. ಆಗಲಿ. ಆದರೆ ಹೂತ ದೇಹ ತೆಗೆಸಿ ಪರೀಕ್ಷೆ ಮಾಡಿಸಿದರೂ ಮಾಡಿಸಬಹುದು, ಹೇಳೋಕಾಗಲ್ಲ ಅಂದರು.

ಈರುಳ್ಳಿ ಮಂಡಿಯಿಂದ ಅಮ್ಜದ್ ಊಟಕ್ಕೆ ಬಂದಾಗ ಹೇಳಿದೆ. ಕೂಗಾಡ್ತಾನೆ ಅಂದುಕೊಂಡಿದ್ದೆ. ತಟ್ಟೆ ಪಕ್ಕಕ್ಕೆ ಸರಿಸಿದ, ಅಷ್ಟೇ.

"ಎರಡು ಹಂಪ್ಸ್‌ಗೋಸ್ಕರ ಅಬ್ಬಾ ಕಬರ್ ಅಗೆಸ್ತೀಯಾ ಆಪಾ?"

ಹೇಳಿದರೆ ಕಬರ್‌ಗೆ ಹಾರೆ, ಹೇಳದಿದ್ದರೆ ಈ ಬೀದಿಯಲ್ಲಿ ಇನ್ನೊಂದು ಹೆಣ. ಅತ್ತ ದರಿ ಇತ್ತ ಪುಲಿ.

30 ಜೂನ್

ಏನೂ ಬರೆದಿಲ್ಲ. ಗಾಡಿ ಎಣಿಸೋದನ್ನೂ ಬಿಟ್ಟೆ. ಬಿಲ್ಲು ಇಳಿಸಿ ಬಟ್ಟೆ ಸುತ್ತಿ ಮಂಚದ ಕೆಳಗಿಟ್ಟೆ. ಅಲ್ಲಿಂದಲೂ ಕೇಳುತ್ತೆ. ಅಮ್ಜದ್‌ಗೆ ಕೇಳಲ್ವಂತೆ.

ಪುಟ್ಟಸಿದ್ದಮ್ಮ ದಿನಾ ಬರ್ತಾರೆ. "ಬರ್ದಾ ಮಗ?" ಅಷ್ಟೇ ಮಾತು. ನಾಲ್ಕು ದಿನದಿಂದ ಹಿತ್ತಲ ಬಾಗಿಲಿನಿಂದ ಅಂಗಡಿಗೆ ಹೋಗ್ತಿದೀನಿ. ಐವತ್ತು ವರ್ಷದ ಹೆಂಗಸು, ಸಾಲಗಾರರ ಹಾಗೆ ತಲೆಮರೆಸಿಕೊಂಡು. ಥೂ.

8 ಜುಲೈ, ಮಂಗಳವಾರ. ಮಧ್ಯಾಹ್ನ 12.40. ಅಂಗಡಿ

ಪುಟ್ಟಸಿದ್ದಮ್ಮ ಹೋದರು.

ಬೆಳಗ್ಗೆ ಒಂಬತ್ತೂವರೆಗೆ ನಾನು ಹಿತ್ತಲಿಂದ ಹೊರಟೆ. ಅವರು ರಸ್ತೆ ದಾಟಿದ್ದು ಅದಾದ ಸ್ವಲ್ಪ ಹೊತ್ತಿಗೆ. ಪಿಕಪ್. ಇದೂ ನಿಲ್ಲಿಸಲಿಲ್ಲ. ಅವರ ಮಗ ಶಶಿಕುಮಾರ ಬಂದು ಹೇಳಿದ. ನಮ್ಮ ಮನೆ ಕಡೆಗೇ ಬರ್ತಿದ್ದರಂತೆ. ಎತ್ತಿ ಅವರ ಮೆಟ್ಟಿಲ ಮೇಲೆ ಮಲಗಿಸಿದಾರಂತೆ. ಯಾರೂ ಪೊಲೀಸಿಗೆ ಫೋನ್ ಮಾಡಿಲ್ಲ. ಸಾಕ್ಷಿಗೆ ಅಮ್ಜದ್ ಸಹಿ ಹಾಕ್ತಾನಂತೆ.

"ಅಕ್ಕ, ನಿಮ್ಮಪ್ಪಾರ್ಗೆ ಬರ್ದಂಗೇ ಒಂದು ಬರ್ಕೊಟ್ಬುಡಿ. ನಮ್ಮವ್ವನ್ನ ಕುಯ್ಸಾದು ಬ್ಯಾಡ."

ಹಳೇ ಫೈಲ್ ಕಂಪ್ಯೂಟರ್‌ನಲ್ಲೇ ಇದೆ. ತೆರೆದೆ. ಹೆಸರು, ವಯಸ್ಸು, ತಾರೀಕು ಬದಲಾಯಿಸಿದರೆ ಸಾಕು. ಉಳಿದದ್ದೆಲ್ಲ ಹಾಗೇ ಹೊಂದುತ್ತೆ. ಮೆಟ್ಟಿಲೂ ಹೊಂದುತ್ತೆ. ನಾನೇ ಬರೆದ ಸಾಲು, ಒಂದು ತಪ್ಪಿಲ್ಲ. ಅಬ್ಬಾ ಹೆಸರಿನ ಮುಂದೆ ಕರ್ಸರ್ ಮಿಣುಕ್ತಿತ್ತು. ಅಳಿಸೋಕೆ ಬೆರಳು ಏಳಲಿಲ್ಲ.

ಬರೆಯಲ್ಲ ಶಶಿ ಅಂದೆ.

1.15

ಅವನು ಹೋಗಿಲ್ಲ. ಹೊರಗೆ ಬೈಕ್ ಹತ್ತಿರ ನಿಂತಿದಾನೆ. ಅತ್ತು ಅತ್ತು ಮುಖ ಊದಿದೆ. ಬೈದಿದ್ದರೆ ತಡ್ಕೋಬಹುದಿತ್ತು. ಅವನು ಕೇಳಿದ್ದು ಒಂದೇ ಮಾತು.

"ನಿಮ್ಮಪ್ಪಾರ್ಗೊಂದು ನ್ಯಾಯ, ನಮ್ಮವ್ವಂಗೊಂದು ನ್ಯಾಯನಾ ಅಕ್ಕ?"

ಇಲ್ಲ ಶಶಿ, ಇಬ್ಬರಿಗೂ ಒಂದೇ ಅಂದೆ. ಮೊದಲು ನಂದು ಬರೀತೀನಿ, ನೀನು ಓದು. ಆಮೇಲೆ ನಿಂದು ನೀನು ನಿರ್ಧಾರ ಮಾಡು, ನಾನು ಬಲವಂತ ಮಾಡಲ್ಲ. ಅಮ್ಜದ್ ಫೋನ್ ಮಾಡ್ತಾನೇ ಇದಾನೆ. ಎತ್ತಿಲ್ಲ. ಭಯ ಆಗ್ತಿದೆ. ಅಬ್ಬಾ, ಮಾಫ್ ಮಾಡಿ.

ಮೊದಲು ಇಲ್ಲೇ ಬರೆದುಕೊಂಡು ಆಮೇಲೆ ಟೈಪ್ ಮಾಡ್ತೀನಿ.

ಠಾಣಾಧಿಕಾರಿಗಳಿಗೆ. ಮಾನ್ಯರೇ, ನಾನು ಫರಹತ್, ದಿವಂಗತ ಹುಸೇನ್ ಅವರ ಮಗಳು. ದಿನಾಂಕ 17-2-2023ರಂದು ನಾನು ಪುರಸಭೆಗೆ ಕೊಟ್ಟ ಹೇಳಿಕೆ ಸುಳ್ಳು. ನನ್ನ ತಂದೆ ಮೆಟ್ಟಿಲಿನಿಂದ ಬೀಳಲಿಲ್ಲ. ರಸ್ತೆ ದಾಟುವಾಗ ಪಿಕಪ್ ವಾಹನ ಡಿಕ್ಕಿ ಹೊಡೆದು ಸತ್ತರು. ಇದನ್ನು ಕಣ್ಣಾರೆ ಕಂಡವರು ಎದುರು ಮನೆಯ ಪುಟ್ಟಸಿದ್ದಮ್ಮ. ಬಂದು ಹೇಳುತ್ತೇನೆ ಎಂದಿದ್ದರು. ಅವರು ಈಗ ತಮ್ಮ ಮೆಟ್ಟಿಲ ಮೇಲೆ...