ರಟ್ಟಿನ ಪೆಟ್ಟಿಗೆಯೊಳಗಿನ ಕತ್ತಲೆ

ಮಾ. 4, ಮಂಗಳವಾರ
ಬೆಳಗ್ಗೆಯಿಂದ ಲ್ಯಾಬಿನಲ್ಲಿ ಗಂಡನ ಸೌರ ಸೆಲ್‌ಗೆ ಡೈ ದ್ರಾವಣ ಕಲಸಿದ್ದೇ ಆಯಿತು. ಬೆರಳೆಲ್ಲ ನೀಲಿ. ಅತ್ತೆ ನಕ್ಕರು — "ಓದ್ತೀಯೋ, ಬಟ್ಟೆಗೆ ಬಣ್ಣ ಹಾಕ್ತೀಯೋ?" ಬಂದವರಿಗೆಲ್ಲ ಅವರದು ಒಂದೇ ಮಾತು: ಮಗ ಬಿಸಿಲನ್ನು ಶೀಶೆಯಲ್ಲಿ ಹಿಡಿದಿಟ್ಟಿದ್ದಾನೆ. ಪೂರ್ತಿ ಸುಳ್ಳೂ ಅಲ್ಲ. ಇವನ ಸೆಲ್‌ನಲ್ಲಿ ಡೈ ಬೆಳಕು ಹೀರಿ ಕರೆಂಟ್ ಕೊಡುತ್ತದೆ, ಕೂಡಿಟ್ಟೂ ಕೊಳ್ಳುತ್ತದೆ. ದೀಪ ಆರಿಸಿ ಎರಡು ಗಂಟೆಯಾದರೂ ಕರೆಂಟ್ ಅರ್ಧಕ್ಕಿಳಿಯುವುದಿಲ್ಲ. ಅದರ ಮೇಲೆಯೇ ಇವನ ಪಿಎಚ್‌ಡಿ ಥೀಸಿಸ್; ಅದೇ ಲ್ಯಾಬಿನಲ್ಲಿ ನಾನಿನ್ನೂ ಕಲಿಯುವವಳು. ಥೀಸಿಸ್ ನಂಬಿ ಸಿಕ್ಕಿರುವ ಹೊಸ ಕೆಲಸ. ಸೋಮವಾರ ಸಬ್‌ಮಿಷನ್.

ಮಾ. 5, ಮಧ್ಯಾಹ್ನ
ಲ್ಯಾಬಿನ ಸೀಲಿಂಗ್‌ಗೆ ಪೇಂಟ್ ಹೊಡೆಯುವವರು ಬಂದಿದ್ದರು. ಇವನು ಪ್ರಿಂಟಿಂಗ್ ಅಂತ ಓಡಾಟ. ಮೀಟರ್ ರೀಡಿಂಗ್ ತೆಗೆಯುವುದು ನನ್ನ ಪಾಲಿಗೆ. ಪೇಂಟಿನವರು ಊಟಕ್ಕೆ ಹೋದಾಗ ದೀಪ ಆರಿಸಿದೆ. ಹಸಿ ಸೀಲಿಂಗ್‌ನಿಂದ ಪೇಂಟ್ ಹನಿ ಬಿದ್ದೀತೆಂದು ಸೆಲ್ ಮೇಲೆ ರಟ್ಟಿನ ಪೆಟ್ಟಿಗೆ ಬೋರಲು ಹಾಕಿದೆ. ಮೀಟರ್ ಸರಸರ ಇಳಿಯಿತು. ವೈರ್ ಸಡಿಲವೇ? ಇಲ್ಲ. ಪೆಟ್ಟಿಗೆ ಎತ್ತಿದೆ — ನಿಂತಿತು. ಮುಚ್ಚಿದೆ — ಮತ್ತೆ ಇಳಿಯಿತು.
ತಲೆ ಎತ್ತಿದರೆ ವೆಂಟಿಲೇಟರ್. ಬೆಳಕು ಬಾರದಂತೆ ಅಂಟಿಸಿದ್ದ ಕಪ್ಪು ಕಾಗದ ಒಂದು ಮೂಲೆಯಲ್ಲಿ ಕಿತ್ತುಹೋಗಿ, ಹಗಲ ಬೆಳಕು ಸೆಲ್ ಮೇಲೆ ಬೀಳುತ್ತಿದೆ. ಎಷ್ಟು ತಿಂಗಳಿಂದಲೋ… ನಾವು ಕತ್ತಲೆ ಎಂದುಕೊಂಡಿದ್ದು ಕತ್ತಲೆಯೇ ಅಲ್ಲ.


ಮಾ. 6
ನಿನ್ನೆ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ತುತ್ತು ಇವನ ಕೈಯಲ್ಲೇ ಉಳಿಯಿತು.
"ಪೆಟ್ಟಿಗೆ ಮುಚ್ಚು ಅಂತ ನಿಂಗ್ಯಾರು ಹೇಳಿದ್ದು?"
"ಮತ್ತೆ ಪೇಂಟ್ ಬೀಳ್ಲಿ ಅಂತ ಬಿಡ್ಬೇಕಿತ್ತಾ?"
"ಯಾರ ಹತ್ರಾನೂ ಬಾಯಿ ಬಿಡ್ಬೇಡ."
ಅತ್ತೆ ಇಬ್ಬರ ಮುಖ ನೋಡಿ, "ಯಾಕ್ರೋ, ಉಪ್ಪು ಜಾಸ್ತಿ ಆಯ್ತಾ?" ಎಂದರು.
ಇಬ್ಬರೂ ಹೌದೆಂದೆವು.

ಮಾ. 9, ಭಾನುವಾರ
ಮೂರು ದಿನ ಮಾತಿಲ್ಲ. ಲೋಟ ಕುಕ್ಕುವ ಸದ್ದಿನಲ್ಲೇ ಸಂಸಾರ. ಬೆಳಗ್ಗೆ ಇವನೇ, "ಲ್ಯಾಬಿಗೆ ಬಾ" ಎಂದ.
ಸ್ಟೂಲ್ ಹತ್ತಿ ವೆಂಟಿಲೇಟರ್‌ಗೆ ಹೊಸ ಕಾಗದ ಅಂಟಿಸಿದ. ಕೆಳಗೆ ಸ್ಟೂಲ್ ಹಿಡಿದು ನಾನು. ಸೆಲ್‌ಗೆ ಬೆಳಕು ಕೊಟ್ಟು ದೀಪ ಆರಿಸಿದ. ಮೀಟರಿಗೆ ಮಾತ್ರ ಟಾರ್ಚ್ ಹಿಡಿದೆ. ಇಪ್ಪತ್ತೇ ನಿಮಿಷಕ್ಕೆ ಕರೆಂಟ್ ಅರ್ಧ. ಇನ್ನೊಮ್ಮೆ ಮಾಡಿದೆವು. ಅಷ್ಟೇ.
ಗೋಡೆಗೊರಗಿ ಕೂತುಬಿಟ್ಟ. "ಕೆಲಸ ಹೋಗುತ್ತೆ ಕಣೇ."
"ಹೋದ್ರೆ ಇನ್ನೊಂದು ಹುಡುಕೋಣ."
"ಹೇಳೋದು ಸುಲಭ." ಹಾಗೆಂದವನೇ ಫೋನ್ ತೆಗೆದ.
ಈಗ ವರಾಂಡದಲ್ಲಿ ಗೈಡ್ ಸರ್ ಜೊತೆ ಮಾತು. ನಾನು ಬೆಂಚಿನ ಮೇಲೆ ಇದನ್ನು ಗೀಚುತ್ತಿದ್ದೇನೆ, ಸುಮ್ಮನೆ ಕೂರಲಾಗದೆ. "ಇಲ್ಲ ಸರ್, ನಾಳೆ ಕೊಡಲ್ಲ… ರೀಡಿಂಗ್ ತಪ್ಪು ಸರ್… ನಾನೇ ನೋಡ್ದೆ…" ಆ ಕಡೆಯಿಂದ ಬೈಗುಳವೋ, ಏನೋ. ಬಾಗಿಲಿಗೆ ಬಂದ. ಕಣ್ಣು ಕೆಂಪು. ಆದರೆ ಬೆನ್ನು ನೆಟ್ಟಗಿದೆ — ಇಷ್ಟು ದಿನ ಹೀಗಿರಲಿಲ್ಲ. ಫೋನ್ ನನ್ನ ಕಡೆ ಚಾಚಿ, "ಪೆಟ್ಟಿಗೆ ಮುಚ್ಚಿ ಕಂಡುಹಿಡಿದಿದ್ದು ನೀನು ಅಂದೆ, ಸರ್‌ಗೆ ನಿನ್ನ ಹತ್ರ ಮಾತಾಡ್ಬೇಕಂತೆ, ಬೇಗ" ಅನ್ನುತ್ತಿದ್ದಾ—